ಮೂರು ಮೂಲೆಯ ಟೋಪಿ

ಫೆಬ್ರುವರಿ ೪, ಮಂಗಳವಾರ

ಇವತ್ತಿನಿಂದ ನಾನು ಅಧಿಕೃತ ಮೂಕ. ಗಂಟಲ ಡಾಕ್ಟರು ಬರೆದೇ ಕೊಟ್ಟಿದ್ದಾರೆ: ಎರಡು ವಾರ ಮಾತು ಬೇಡ, ಪಿಸುಮಾತಂತೂ ಬೇಡವೇ ಬೇಡ. ಮಾತಾಡಿದ್ದಕ್ಕೇ ಸಂಬಳ ತೆಗೆದುಕೊಳ್ಳುವವನಿಗೆ, ಮಾತಾಡದಿದ್ದರೆ ಉಂಡದ್ದು ಅರಗದವನಿಗೆ, ಇದು ಕಡ್ಡಾಯ ಉಪವಾಸ. ಹೊರಗೆ ಬಿಡಲಾಗದ್ದನ್ನು ಎಲ್ಲಾದರೂ ಸುರಿಯಬೇಕಲ್ಲ, ಅದಕ್ಕೇ ಈ ಡೈರಿ. ಓದುವವರು ಯಾರೂ ಇಲ್ಲ. ಹಾಗಾಗಿ ನನ್ನ ಜೋಕಿಗೆ ನಾನೇ ನಗುವ ಹಳೆಯ ಚಾಳಿಗೆ ಇಲ್ಲಿ ಅಡ್ಡಿಯಿಲ್ಲ.

ಧ್ವನಿಯಿಲ್ಲದ್ದು ಕಾವ್ಯವೇ ಅಲ್ಲ ಎಂದು ಎಂ.ಎ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನ ಧ್ವನಿ ಹೋಗಿದೆ. ಸ್ವರ ಹೋಯಿತು. ವ್ಯಂಜನ ಉಳಿದಿದೆ, ಅದೂ ಊಟದ ತಟ್ಟೆಯಲ್ಲಿ ಮಾತ್ರ.

ದನಿ ಗೊಗ್ಗರಾಗಿ ಬಹಳ ವಾರಗಳಾದವು. ಮೊದಲು ನಮ್ಮ ಬೀದಿಯ ಡಾಕ್ಟರು ನೋಡಿ, ಹೊಟ್ಟೆಯ ಹುಳಿ ಮೇಲೆ ಹತ್ತಿ ಗಂಟಲು ಸುಡುತ್ತಿದೆ ಅಂದರು, ಮಾತ್ರೆ ಕೊಟ್ಟರು. ಆಮೇಲೆ ಈ ಗಂಟಲ ಡಾಕ್ಟರು ಪುಟ್ಟ ಕನ್ನಡಿ ತೂರಿಸಿದರು. ನಾನು ಓಕರಿಸಿದ ರಭಸಕ್ಕೆ ಅರ್ಧ ಕಂಡಿತು, ಅರ್ಧ ಕಾಣಲಿಲ್ಲ. ಹಾಡುವವರಿಗೆ, ಕೂಗುವವರಿಗೆ ಬರುವಂಥ ಗಂಟಿರಬೇಕು, ಬಾಯಿ ಮುಚ್ಚಿದರೆ ಕರಗುತ್ತದೆ ಅಂದರು. ಗಂಟಲಲ್ಲಿ ಗಂಟು. ಜೀವನದಲ್ಲಿ ನಾನು ಕಟ್ಟಿದ ಗಂಟು ಇದೊಂದೇ.

ಮೂರನೆಯ ಅಭಿಪ್ರಾಯ ನನ್ನ ಭಾಮೈದನದು, ಅಂದರೆ ಹೆಂಡತಿಯ ತಮ್ಮನದು. ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಮಾಂಸದ ಚೂರುಗಳನ್ನು ನೋಡುವ ಡಾಕ್ಟರು ಅವನು. ಫೋನಿನಲ್ಲಿ ನನ್ನ ದನಿ ಕೇಳಿದವನೇ, ಭಾವ, ಕ್ಯಾಮೆರಾ ಹಾಕಿಸಿ ನೋಡಿಸಿ, ಒಂದು ಚೂರು ತೆಗೆಸಿ ನನಗೆ ಕಳಿಸಿ ಅಂದ. ನನ್ನ ಸ್ಕೂಟರು ಒಂದೇ ಒದೆತಕ್ಕೆ ಹೊರಡದಿದ್ದರೆ ಇಂಜಿನ್ನೇ ಹೋಯಿತು ಅನ್ನುವ ಜಾತಿ. ಇಡೀ ಜಗತ್ತು ಅವನಿಗೆ ಗಾಜಿನ ಮೇಲೆ ಅಂಟಿಸಿದ ಚೂರು.

ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ ನನಗೆ ಏನೂ ಆಗಿಲ್ಲ.

ಫೆಬ್ರುವರಿ ೬, ಗುರುವಾರ

ನಮ್ಮದು ಹಡಗಿನ ಕೆಲಸ ಕಲಿಸುವ ಕಾಲೇಜು. ಸಮುದ್ರಕ್ಕೆ ಹೋಗುವವರಿಗೆ ವರದಿ, ಅರ್ಜಿ, ಪತ್ರ ಬರೆಯುವುದನ್ನು ಕಲಿಸುವ ಭಾಷಾ ಮೇಷ್ಟ್ರು ನಾನು. ಈಜು ಬಾರದು. ಇವತ್ತು ಪ್ರಿನ್ಸಿಪಾಲರು ಕರೆಸಿದರು. ಪಾಠ ಮಾಡಲಾಗದವನನ್ನು ಸುಮ್ಮನೆ ಕೂರಿಸುವುದು ಅವರಿಗೆ ಹೊಟ್ಟೆಯುರಿ. ಹಡಗಿನ ಪದಗಳಿಗೆ ನಮ್ಮ ಭಾಷೆಯಲ್ಲಿ ಒಂದು ಕೈಪಿಡಿ ಬೇಕಂತೆ, ಪ್ರತಿ ಪದಕ್ಕೂ ಅರ್ಥ, ಅದು ಎಲ್ಲಿಂದ ಬಂತೆಂಬ ಟಿಪ್ಪಣಿ. ನಿಮ್ಮ ಬಾಯಿ ಮುಚ್ಚಿದರೆ ಸಂಸ್ಥೆಗೆ ಇಷ್ಟು ಉಪಯೋಗ ಅಂತ ಗೊತ್ತಿದ್ದರೆ ನಾನೇ ಯಾವತ್ತೋ ಡಾಕ್ಟರಿಗೆ ಹೇಳ್ತಿದ್ದೆ ಅಂದರು. ನಗುವುದಕ್ಕೆ ಡಾಕ್ಟರು ಅಡ್ಡಿ ಮಾಡಿಲ್ಲವಾದ್ದರಿಂದ ನಕ್ಕೆ.

ಪದಗಳ ಅರ್ಥಕ್ಕೆ ನಕ್ಷೆ ಮೇಡಂ ಹತ್ತಿರ ಹೋಗಿ ಅಂದರು. ಹಡಗುಗಳಲ್ಲಿ ಸೆಕೆಂಡ್ ಆಫೀಸರಾಗಿ ಎಷ್ಟೋ ಸಮುದ್ರ ಸುತ್ತಿ ಬಂದು ಈಗ ನಮ್ಮಲ್ಲಿ ದಾರಿ ಹಿಡಿಯುವ ವಿದ್ಯೆ ಕಲಿಸುತ್ತಾರೆ. ಗಾಳಿಗೂ ಇಂಜಿನ್ನಿಗೂ ಎದುರು ಕೂಗಿ ಕೂಗಿ ಅವರ ದನಿ ಮೂರು ಕೋಣೆ ದಾಟುತ್ತದೆ. ಅವರಿಗೆ ಯಾವ ಗಂಟೂ ಬಂದಿಲ್ಲ. ನ್ಯಾಯ ಎಲ್ಲಿದೆ?

ನಕ್ಷೆಕೋಣೆಯಲ್ಲಿ ಅಷ್ಟಗಲದ ಮೇಜು, ಮೇಜಿನ ಮೇಲೆ ಒಂದೇ ಹಾಳೆ, ಹಾಳೆಯ ತುಂಬ ಸಮುದ್ರ. ನಮ್ಮ ಕಣ್ಣಿಗೆ ನಕ್ಷೆಯೆಂದರೆ ನೆಲ. ಅವರ ನಕ್ಷೆಯಲ್ಲಿ ನೆಲ ಖಾಲಿ, ನೀರಿನ ತುಂಬ ಆಳದ ಅಂಕಿಗಳು. ಮಾತಿಗೆ ಬದಲು ನಾನು ಹಿಡಿದಿದ್ದ ಸ್ಲೇಟು ನೋಡಿ ಅವರು, ಇಷ್ಟು ದಿನಕ್ಕೆ ನೀವು ಹೇಳೋದು ಪೂರ್ತಿ ಕೇಳಿಸಿಕೊಳ್ಳೋ ಹಾಗಾಯ್ತು ಮೇಷ್ಟ್ರೇ, ಎರಡೇ ಸಾಲು ಹಿಡಿಸುತ್ತೆ ಅಂದರು.

ಫೆಬ್ರುವರಿ ೭, ಶುಕ್ರವಾರ

ಒಂದು ಪದ ಕಾಲಿಗೆ ತೊಡರಿಕೊಂಡಿದೆ. ಕಾಕ್ಡ್ ಹ್ಯಾಟ್.

ನಡೆದದ್ದು ಹೀಗೆ. ಹಡಗು ಎಲ್ಲಿದೆಯೆಂದು ತಿಳಿಯಲು ದಡದ ಮೇಲಿನ ಗುರುತುಗಳನ್ನು ದಿಕ್ಸೂಚಿಯಲ್ಲಿ ನೋಡಿ, ಒಂದೊಂದೂ ಯಾವ ದಿಕ್ಕಿಗಿದೆಯೋ ಆ ದಿಕ್ಕಿನಲ್ಲಿ ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಇದಕ್ಕೆ ಬೇರಿಂಗ್ ಅನ್ನುತ್ತಾರೆ. ನನಗೆ ಗೊತ್ತಿದ್ದ ಬೇರಿಂಗು ಸೈಕಲ್ಲಿನದು ಮಾತ್ರ. ನಾನು ದಿಕ್ಕುಗೆರೆ ಅಂತ ಬರೆದುಕೊಂಡೆ, ಮೇಡಂ ತಲೆಯಾಡಿಸಿದರು. ದೀಪಸ್ತಂಭಕ್ಕೊಂದು ಗೆರೆ, ನೀರಿನ ಟ್ಯಾಂಕಿಗೊಂದು, ಕಾರ್ಖಾನೆಯ ಚಿಮಣಿಗೊಂದು. ಮೂರೂ ಒಂದೇ ಚುಕ್ಕೆಯಲ್ಲಿ ಸೇರಿದರೆ ಹಡಗು ಅಲ್ಲಿದೆ. ಆದರೆ ಸೇರುವುದಿಲ್ಲ. ಕೈ ನಡುಗಿರುತ್ತದೆ, ದಿಕ್ಸೂಚಿ ಕೊಂಚ ಸುಳ್ಳು ಹೇಳಿರುತ್ತದೆ, ಮೂರನೆಯದನ್ನು ನೋಡುವಷ್ಟರಲ್ಲಿ ಹಡಗೇ ಮುಂದೆ ಹೋಗಿರುತ್ತದೆ. ಹಾಗಾಗಿ ಮೂರು ಗೆರೆ ಒಂದನ್ನೊಂದು ಕತ್ತರಿಸಿ ನಡುವೆ ಸಣ್ಣ ತ್ರಿಕೋನ ಬಿಡುತ್ತವೆ. ಆ ತ್ರಿಕೋನವೇ ಕಾಕ್ಡ್ ಹ್ಯಾಟ್.

ಯಾಕೆ ಟೋಪಿ? ಮಧ್ಯಾಹ್ನವೆಲ್ಲ ಗ್ರಂಥಾಲಯದ ದಪ್ಪ ನಿಘಂಟುಗಳ ಜತೆ ಕೂತೆ. ಹಿಂದೆ ಒಂದು ಕಾಲಕ್ಕೆ ಅಗಲ ಅಂಚಿನ ಟೋಪಿಯನ್ನು ಮೂರು ಕಡೆ ಮೇಲಕ್ಕೆ ಮಡಚಿ ತೊಡುತ್ತಿದ್ದರು. ಮೇಲಿನಿಂದ ನೋಡಿದರೆ ಮೂರು ಮೂಲೆ. ಹಾಗೆ ಮೇಲಕ್ಕೆ ಎತ್ತಿ ನಿಲ್ಲಿಸುವುದಕ್ಕೆ ಇಂಗ್ಲಿಷಿನವರು ಹುಂಜದ ಹೆಸರನ್ನೇ ಕ್ರಿಯಾಪದ ಮಾಡಿಕೊಂಡಿದ್ದಾರೆ, ಕತ್ತೆತ್ತಿ ನಿಲ್ಲುವ ಅದರ ಠೀವಿ ನೋಡಿಯೇ ಇರಬೇಕೆಂದು ನಿಘಂಟು ಅನುಮಾನದಲ್ಲೇ ಹೇಳುತ್ತದೆ. ನಕ್ಷೆಯ ತ್ರಿಕೋನಕ್ಕೆ ಈ ಹೆಸರನ್ನು ಮೊದಲು ಇಟ್ಟವರು ಯಾರೆಂದು ನಾನು ನೋಡಿದ ಯಾವ ಪುಸ್ತಕವೂ ಹೇಳಲಿಲ್ಲ. ನನ್ನ ಊಹೆ ಇದು: ಯಾವನೋ ಒಬ್ಬ ಮೇಜಿನ ಮೇಲೆ ಟೋಪಿ ತೆಗೆದಿಟ್ಟು ಬಾಗಿ ಗೆರೆ ಎಳೆದ, ಒಮ್ಮೆ ಗೆರೆ ನೋಡಿದ, ಒಮ್ಮೆ ಟೋಪಿ ನೋಡಿದ. ಆ ಟೋಪಿ ತಲೆಗಳಿಂದ ಎಂದೋ ಇಳಿಯಿತು, ನಕ್ಷೆಯ ಮೇಲೆ ಮಾತ್ರ ಇನ್ನೂ ಕೂತಿದೆ.

ನನ್ನ ಮೊದಲ ಕರಡು: "ಮೂರು ಮೂಲೆಯ ಟೋಪಿ: ನಾವಿಕ ತನಗೆ ತಾನೇ ಹಾಕಿಕೊಳ್ಳುವ ಟೋಪಿ." ಮೇಡಂ ಓದಿ, ಇದು ಪರೀಕ್ಷೆಗೆ ಬರುತ್ತೆ ಮೇಷ್ಟ್ರೇ, ಹುಡುಗರು ಇದನ್ನೇ ಬರೆದಿಟ್ಟರೆ ಮಾರ್ಕ್ಸು ನೀವು ಕೊಡ್ತೀರಾ ಅಂದರು.

ಫೆಬ್ರುವರಿ ೧೧, ಮಂಗಳವಾರ

ಟಿಪ್ಪಣಿಯಲ್ಲಿ, ಹಡಗು ತ್ರಿಕೋನದ ಒಳಗೆ ಎಲ್ಲೋ ಇರುತ್ತದೆ ಎಂದು ಬರೆದಿದ್ದೆ. ಯಾರಾದರೂ ಹಾಗೇ ಬರೆಯುತ್ತಾರೆ. ಮೂವರು ಸಾಕ್ಷಿ ಹೇಳಿದ ಮೇಲೆ ನಿಜ ಅವರ ನಡುವೆಯೇ ಇರಬೇಕಲ್ಲ?

ಮೇಡಂ ಆ ಸಾಲನ್ನು ಹೊಡೆದುಹಾಕಿದರು. ಒಳಗೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಅಷ್ಟೇ ಅಂದರು. ನಾನು ನಂಬಲಿಲ್ಲ. ಸ್ಲೇಟಿನ ಮೇಲೆ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಬರೆದು ಅವರ ಮೂಗಿನ ಮುಂದೆ ಹಿಡಿದೆ. ಅವರು ಮೂರು ನಾಣ್ಯ ಕೇಳಿದರು. ಪ್ರತಿ ಗೆರೆಯೂ ಹಡಗಿನ ಈ ಪಕ್ಕಕ್ಕೋ ಆ ಪಕ್ಕಕ್ಕೋ ತಪ್ಪಿರುತ್ತದೆ, ನಾಣ್ಯ ಬಿದ್ದ ಹಾಗೆ. ಮೂರೂ ತಲೆ ಬಿದ್ದರೆ, ಇಲ್ಲವೇ ಮೂರೂ ಹೂವು ಬಿದ್ದರೆ ಹಡಗು ಟೋಪಿಯೊಳಗೆ. ಬೇರೆ ಹೇಗೆ ಬಿದ್ದರೂ ಹಡಗು ಹೊರಗೆ. ಎಸೆಯಿರಿ ಅಂದರು.

ಮನೆಗೆ ಬಂದೂ ಎಸೆದೆ, ಊಟದ ಮೇಜಿನ ಮೇಲೆ. ಇವಳು ಪಾತ್ರೆ ತೊಳೆಯುತ್ತಾ ತಿರುಗಿ ನೋಡಿ, ಜೂಜಿಗೆ ಬಾಯಿ ಬೇಡ ಅಂತ ಕಲಿತಿರಾ ಅಂದಳು. ವಿದ್ಯುತ್ ಕಚೇರಿಯ ದೂರು ಕೌಂಟರಿನಲ್ಲಿ ದಿನವಿಡೀ ಊರಿನ ಗೋಳು ಕೇಳಿ ಬರುವವಳು. ಮನೆಗೆ ಬಂದ ಮೇಲೆ ಅವಳಿಗೆ ಬೇಕಾದದ್ದು ಮೌನ, ಸಿಗುತ್ತಿದ್ದದ್ದು ನಾನು. ಈಗ ಸಿಕ್ಕಿದೆ, ಆದರೆ ಮುಖದಲ್ಲಿ ಆ ಸಂತೋಷ ಕಾಣುತ್ತಿಲ್ಲ.

ನಾಣ್ಯಗಳು ಮೇಡಂ ಹೇಳಿದ ಹಾಗೇ ಬಿದ್ದವು. ಒಳಗೆ ಬಿದ್ದದ್ದು ಅಪರೂಪ. ನನಗೆ ಯಾಕೋ ಬೇಜಾರಾಯಿತು. ತ್ರಿಕೋನದ ನಡುವೆ ಒಂಥರಾ ನೆಮ್ಮದಿಯಿತ್ತು.

ಫೆಬ್ರುವರಿ ೧೨, ಬುಧವಾರ

ಬೆಳಿಗ್ಗೆ ಉಗುಳಿನಲ್ಲಿ ಒಂದು ತೆಳು ಗುಲಾಬಿ ಎಳೆ. ಬ್ರಷ್ಷು ಹೊಸದು, ಗಟ್ಟಿ. ಅದೇ.

ಫೆಬ್ರುವರಿ ೧೭, ಸೋಮವಾರ

ನಕ್ಷೆಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಮೇಡಂ ತರಗತಿಗೆ ಕೂತೆ. ಮಾತಾಡದೆ ಕೂತರೆ ತರಗತಿ ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅವರು ಅಭ್ಯಾಸದ ಹಾಳೆಗಳನ್ನು ತಿದ್ದುತ್ತಿದ್ದರು. ಒಬ್ಬನ ಹಾಳೆಯಲ್ಲಿ ಮೂರು ಗೆರೆಯೂ ಸೂಜಿಮೊನೆಯಷ್ಟು ಚೊಕ್ಕವಾಗಿ ಒಂದೇ ಚುಕ್ಕೆಗೆ ಬಂದಿದ್ದವು. ಎಷ್ಟು ಚೆಂದ ಅಂದುಕೊಂಡೆ. ಮೇಡಂ ಅದಕ್ಕೆ ಸೊನ್ನೆ ಹಾಕಿದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಮೂರನೆಯ ಗೆರೆಯ ಪಕ್ಕದಲ್ಲಿ ರಬ್ಬರಿನಿಂದ ಅಳಿಸಿದ ಇನ್ನೊಂದು ಗೆರೆಯ ಗುರುತು. ಮೊದಲೆರಡು ಎಲ್ಲಿ ಸೇರಿದ್ದವೋ ಅಲ್ಲಿಗೆ ಮೂರನೆಯದನ್ನು ಎಳೆದು ಕೂರಿಸಿದ್ದಾನೆ. ಪ್ರತಿ ವರ್ಷವೂ ಎಲ್ಲರೂ ಮಾಡುವ ತಪ್ಪು ಇದೇ ಅಂತೆ. ಯಾರೂ ಮೊದಲ ಗೆರೆಯನ್ನು ಅಳಿಸುವುದಿಲ್ಲ, ಯಾವಾಗಲೂ ಮೂರನೆಯದನ್ನೇ. ಎರಡು ಒಪ್ಪಿದ ಮೇಲೆ ಮೂರನೆಯದು ತರಲೆ ಅನ್ನಿಸುತ್ತದೆಯಂತೆ.

ಅವರು ಆ ಹಾಳೆಯವನಿಗೆ ಬೈಯಲಿಲ್ಲ. ಟೋಪಿ ದೊಡ್ಡದಾಗಿ ಬಂದರೆ ನಾಚಿಕೆ ಪಡಬೇಡ, ನಿನಗೆ ಎಷ್ಟು ಗೊತ್ತಿಲ್ಲ ಅನ್ನೋದರ ಅಳತೆ ಅದು, ಅದನ್ನ ಅಳಿಸಿದರೆ ಹಡಗು ಎಲ್ಲಿದೆ ಅನ್ನೋದು ಬದಲಾಗಲ್ಲ, ನಿನಗೆ ತಿಳಿಯೋದಿಲ್ಲ ಅಷ್ಟೇ, ಅಂದರು.

ಈ ಮಾತಿನ ಬಗ್ಗೆ ಒಂದು ಒಳ್ಳೆಯ ಚಟಾಕಿ ಹೊಳೆದಿತ್ತು, ಸ್ಲೇಟು ತೆಗೆಯುವಷ್ಟರಲ್ಲಿ ಮರೆತೆ. ನಾಳೆಗೆ ಮೌನದ ಎರಡು ವಾರ ಮುಗಿಯುತ್ತದೆ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂದು "ಆ" ಅಂದು ನೋಡಿದೆ. ಹಾಗೇ ಇದೆ. ಇನ್ನೊಂದು ವಾರ ಮೌನ ಮುಂದುವರಿಸಿದರಾಯಿತು. ನಕ್ಷೆಗೂ ಗಂಟಲಿಗೂ ಏನೂ ಸಂಬಂಧವಿಲ್ಲ.

ಫೆಬ್ರುವರಿ ೨೦, ಗುರುವಾರ

ಇವತ್ತು ತರಬೇತಿ ದೋಣಿಯಲ್ಲಿ ಹೋಗಿದ್ದೆ. ಟಿಪ್ಪಣಿ ಬರೆಯುವವನು ಒಮ್ಮೆಯಾದರೂ ಗೆರೆ ಎಳೆದಿರಬೇಕು ಎಂದು ಮೇಡಂ ಹಟ ಹಿಡಿದರು. ತೇಲುಕವಚ ತೊಡಿಸಿದರು. ಅದರೊಳಗೆ ನಾನು ಬಿಗಿದು ಕಟ್ಟಿದ ಹಾಸಿಗೆಯ ಹಾಗಿದ್ದೆ.

ಬಂದರಿನ ಗೋಡೆ ದಾಟಿದ ಮೇಲೆ ಕೈಯಲ್ಲಿ ಹಿಡಿಯುವ ದಿಕ್ಸೂಚಿ ಕೊಟ್ಟರು. ದೀಪಸ್ತಂಭ, ಟ್ಯಾಂಕು, ಚಿಮಣಿ. ಮುಳ್ಳು ನಿಲ್ಲುವುದೇ ಇಲ್ಲ, ಅದನ್ನು ಕಾಯುತ್ತಾ ನಿಂತರೆ ದೋಣಿ ನಿಲ್ಲುವುದಿಲ್ಲ. ಆದರೂ ಮೂರು ಅಂಕಿ ಹಿಡಿದೆ, ಕೆಳಗಿಳಿದು ಮೇಜಿನ ಮೇಲೆ ಗೆರೆ ಎಳೆದೆ. ನನ್ನ ಸ್ವಂತದ ಟೋಪಿ ಬಂತು. ಚಿಕ್ಕದೇನಲ್ಲ. ಎರಡು ಮೂಲೆ ಆಳದ ನೀರಿನಲ್ಲಿ. ಮೂರನೆಯ ಮೂಲೆಯ ಪಕ್ಕದಲ್ಲಿ ನಕ್ಷೆಯ ಮೇಲೆ ಪುಟ್ಟ ಪುಟ್ಟ ಕೂಡಿಸುವ ಚಿಹ್ನೆಗಳು. ಅವು ನೀರಿನೊಳಗಿನ ಬಂಡೆಗಳು.

ಎಲ್ಲಿದ್ದೀವಿ ಅಂತ ಕೇಳಿದರು. ನಾನು ಪೆನ್ಸಿಲ್ಲಿನಿಂದ ಸರಿಯಾಗಿ ನಟ್ಟನಡುವೆ ಚುಕ್ಕೆಯಿಟ್ಟೆ.

ಮೇಡಂ ಚುಕ್ಕೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಇದುವರೆಗೆ ಕೇಳಿರಲಿಲ್ಲ.

"ಅಲ್ಲಿದ್ದೀನಿ ಅಂತ ಗೊತ್ತಾ ಮೇಷ್ಟ್ರೇ? ಇಲ್ಲಾ, ಅಲ್ಲಿರೋಕೆ ಇಷ್ಟಾನಾ?"

ಸ್ಲೇಟು ಕೈಯಲ್ಲೇ ಇತ್ತು. ಅದನ್ನು ಬದಿಗಿಟ್ಟು ಪೆನ್ಸಿಲ್ಲನ್ನು ಅವರ ಕೈಗೆ ಕೊಟ್ಟೆ.

ಅವರು ನನ್ನ ಚುಕ್ಕೆ ಅಳಿಸಿ ಬಂಡೆಗೆ ಹತ್ತಿರದ ಮೂಲೆಯಲ್ಲಿ ಇನ್ನೊಂದು ಇಟ್ಟರು. ಟೋಪಿ ಬಂದಾಗ ಅಪಾಯಕ್ಕೆ ಹತ್ತಿರದ ಮೂಲೆಯಲ್ಲೇ ಇದ್ದೀವಿ ಅಂತ ತಿಳಿದುಕೊಂಡು ಹೊರಡಬೇಕು, ಅದೇ ರೂಢಿ, ಅಂದರು. ಮೇಲೆ ಹೋಗಿ ಚುಕ್ಕಾಣಿಯವನಿಗೆ ತಿರುಗಿಸಲು ಹೇಳಿದರು. ದೋಣಿ ಅಗಲವಾಗಿ ಬಳಸಿಕೊಂಡು ಬಂತು. ಬಂಡೆ ಕಾಣಲಿಲ್ಲ. ನಾವು ಅದರ ಹತ್ತಿರ ಇದ್ದೆವೋ ಇಲ್ಲವೋ ಕಡೆಗೂ ತಿಳಿಯಲಿಲ್ಲ. ಸ್ಲೇಟಿನಲ್ಲಿ ಅದನ್ನೇ ಕೇಳಿದೆ. ಒಂದೊಂದು ಸಲ ಇಲ್ಲದ ಬಂಡೆಯನ್ನೂ ಬಳಸಿ ಬಂದಿರ್ತೀವಿ ಮೇಷ್ಟ್ರೇ, ಸ್ವಲ್ಪ ಡೀಸೆಲ್ ಹೋಗುತ್ತೆ ಅಂದರು.

ಫೆಬ್ರುವರಿ ೨೧, ಶುಕ್ರವಾರ

ಟಿಪ್ಪಣಿ ಮುಗಿಸಿ ಕೊಟ್ಟೆ.

"ಮೂರು ಮೂಲೆಯ ಟೋಪಿ: ಮೂರು ದಿಕ್ಕುಗೆರೆಗಳು ಒಂದೆಡೆ ಸೇರದೆ ಉಂಟಾಗುವ ತ್ರಿಕೋನ. ಹಿಂದಿನ ಕಾಲದ ಮೂರು ಮೂಲೆಯ ಟೋಪಿಯ ಆಕಾರದಿಂದ ಬಂದ ಹೆಸರು. ಹಡಗು ಇದರ ಒಳಗೇ ಇದೆ ಎಂದು ನಂಬಬಾರದು. ಯಾವ ಗೆರೆಯನ್ನೂ ಅಳಿಸಬಾರದು. ಅಪಾಯಕ್ಕೆ ಅತಿ ಹತ್ತಿರದ ಮೂಲೆಯಲ್ಲಿ ಇದ್ದೇವೆಂದು ತಿಳಿದು, ಮತ್ತೆ ನೋಡಿ, ಹೊಸದಾಗಿ ಗೆರೆ ಎಳೆಯಬೇಕು."

ಮೇಡಂ ಏನನ್ನೂ ತಿದ್ದಲಿಲ್ಲ. ಒಂದೂ ಜೋಕಿಲ್ಲವಲ್ಲ, ಹುಷಾರಾಗಿದ್ದೀರಾ ಅಂತ ಕೇಳಿದರು.

ಭಾಮೈದನಿಗೆ ಫೋನಿನಲ್ಲಿ ಬರೆದು ಕಳಿಸಿದೆ: ಕ್ಯಾಮೆರಾ ಹಾಕುವ ಒಳ್ಳೆಯ ಡಾಕ್ಟರ ಹೆಸರು ಹೇಳು. ಅವನು ಹೆಸರು ಕಳಿಸಿದ. ಅದರ ಕೆಳಗೆ, ಸೋಮವಾರಕ್ಕೆ ಆಗಲೇ ಹೇಳಿಟ್ಟಿದ್ದೀನಿ ಭಾವ, ಅಕ್ಕ ಹೋದ ವಾರವೇ ಹೇಳಿದ್ದಳು ಅಂತ.

ಇವಳು ಅಡುಗೆಮನೆಯಲ್ಲಿದ್ದಳು. ಫೋನು ತೋರಿಸಿದೆ. ಓದಿದಳು, ಕೈ ಒರೆಸಿಕೊಂಡಳು, ನನಗೆ ಬಡಿಸಿದಳು.

ಫೆಬ್ರುವರಿ ೨೪, ಸೋಮವಾರ

ಮೂಗಿನಿಂದ ಒಂದು ಸಣ್ಣ ಹಾವು ಒಳಗಿಳಿಯಿತು, ತುದಿಯಲ್ಲಿ ದೀಪ. ನನ್ನ ಗಂಟಲಿನ ಒಳಗು ಪಕ್ಕದ ಪರದೆಯ ಮೇಲೆ ಕಂಡಿತು. ಹೀಗಿರುತ್ತದೆಂದು ಎಣಿಸಿರಲಿಲ್ಲ. ಎರಡು ಬಿಳಿಯ ಪಟ್ಟಿ, ಬಾಗಿಲಿನ ಹಾಗೆ ತೆರೆದು ಮುಚ್ಚುತ್ತವೆ. ಇಷ್ಟು ವರ್ಷ ನಾನು ಆಡಿದ ಎಲ್ಲ ಮಾತೂ ಈ ಎರಡು ಪಟ್ಟಿಗಳ ನಡುವಿನ ಸಂದಿಯಿಂದ ಬಂದದ್ದು. ಎಡಗಡೆಯದರ ಅಂಚಿನಲ್ಲಿ ಸುಣ್ಣ ಚಿಮುಕಿಸಿದ ಹಾಗೆ ಒಂದು ಮಚ್ಚೆ. ಗಂಟು ಎಲ್ಲೂ ಇರಲಿಲ್ಲ.

ಪ್ರಜ್ಞೆ ತಪ್ಪಿಸಿ ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸಬೇಕು, ಏನೆಂದು ಆಮೇಲೆಯೇ ಹೇಳಲು ಸಾಧ್ಯ ಅಂದರು. ದನಿಯ ವಿಚಾರ ಬರೆದು ಕೇಳಿದೆ. ಬರುತ್ತೆ, ಹಳೆಯದೇ ಬರುತ್ತೆ ಅಂತ ಮಾತು ಕೊಡಲ್ಲ ಅಂದರು.

ದಾರಿಯಲ್ಲಿ ಬಸ್ಸಿನಲ್ಲಿ ಇವಳು ಕಿಟಕಿಯ ಪಕ್ಕ ಕೂತಿದ್ದಳು. ಅವಳು ಕಿಟಕಿಯ ಪಕ್ಕ ಕೂತರೆ ಹಾಡು ಗುನುಗುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ಇವತ್ತು ಗುನುಗುತ್ತಿದ್ದುದು ಅರ್ಧಕ್ಕೆ ನಿಂತಿತು. ಮುಂದಿನ ಸಾಲು ಯಾವುದೆಂದು ಮನೆ ಬರುವವರೆಗೂ ಯೋಚಿಸಿದೆ.

ಮಾರ್ಚ್ ೩, ಸೋಮವಾರ

ಆಸ್ಪತ್ರೆ. ನಾಳೆ ಬೆಳಿಗ್ಗೆ. ಕೋಣೆ ಸಣ್ಣದು, ಕಿಟಕಿಯ ಹೊರಗೆ ಇನ್ನೊಂದು ಕಿಟಕಿ. ನರ್ಸಮ್ಮ ಕೇಳಿದ್ದಕ್ಕೆಲ್ಲ ಸ್ಲೇಟಿನಲ್ಲಿ ಉತ್ತರ ಬರೆದೆ. ಅಲರ್ಜಿ ಇದೆಯೇ ಅಂದರು, ಇಲ್ಲ ಎಂದು ಬರೆದೆ, ಅಷ್ಟೇ ಬರೆದೆ.

ಸಂಜೆ ಇವಳು ಮನೆಯಿಂದ ತಂದ ಹೊದಿಕೆಯನ್ನು ಮಡಚುತ್ತಾ, ಬಿಚ್ಚುತ್ತಾ, ಮತ್ತೆ ಮಡಚುತ್ತಾ ಇದ್ದಳು. ನನ್ನ ಕಡೆ ನೋಡದೆ ಹೇಳಿದಳು:

"ನಿಮ್ಮ ಮಾತು ಸಾಕಾಗಿದೆ, ಸಾಕಾಗಿದೆ ಅಂತ ಎಷ್ಟು ಸಲ ಅಂದಿದ್ದೀನಿ ರೀ. ಅದು ಯಾವ ದೇವರ ಕಿವಿಗೂ ಬೀಳದೆ ಇದ್ದಿದ್ದರೆ ಸಾಕು."

ನಾನು ಮಂಚದಿಂದ ಎದ್ದೆ. ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಸೇರಿ ಮಡಚಿದೆವು.

ಮಾರ್ಚ್ ೫, ಬುಧವಾರ

ಆಯಿತು. ನೋವು ಅಷ್ಟಿಲ್ಲ. ಚೂರು ಭಾಮೈದನ ಲ್ಯಾಬಿಗೆ ಹೋಗಿದೆ. ಭಾವನದ್ದು ನಾನು ನೋಡಲ್ಲ, ಬೇರೆಯವರು ನೋಡ್ತಾರೆ ಅಂದನಂತೆ.

ಮಾರ್ಚ್ ೧೪, ಶುಕ್ರವಾರ

ಉತ್ತರ ಬಂತು. ಕ್ಯಾನ್ಸರ್ ಅಲ್ಲ. ಆದರೆ ಆ ಕಡೆಗೆ ಹೊರಟಿದ್ದ ಕೋಶಗಳು, ಸುಮಾರು ದೂರ ನಡೆದಿದ್ದವು. ಅಂಚಿನವರೆಗೂ ತೆಗೆದಿದ್ದಾರೆ. ಮೂರು ತಿಂಗಳಿಗೊಮ್ಮೆ ಕ್ಯಾಮೆರಾ, ಕೆಲವು ವರ್ಷಗಳವರೆಗೆ. ಇನ್ನಷ್ಟು ತಡ ಮಾಡಿದ್ದಿದ್ದರೆ ಎಂದು ಡಾಕ್ಟರು ಶುರು ಮಾಡಿದರು, ಇವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಯಾವ ಕೋಶ, ಎಷ್ಟು ಪದರ, ಅದು ಯಾಕೆ ದಾರಿ ತಪ್ಪುತ್ತದೆ ಎಂದು ನಾನು ಬರೆದು ಬರೆದು ಕೇಳಿದೆ. ಅವರು ಚಿತ್ರ ಬಿಡಿಸಿ ತೋರಿಸಿದರು. ಹೊರಗೆ ಬೇರೆಯವರು ಕಾಯುತ್ತಿದ್ದಾರೆ ರೀ ಎಂದು ಇವಳು ಎಬ್ಬಿಸಬೇಕಾಯಿತು. ಭಾಮೈದ ಫೋನು ಮಾಡಿದ್ದ. ಅಕ್ಕನ ಹತ್ತಿರ ಬಹಳ ಹೊತ್ತು ಮಾತಾಡಿದ, ಕಡೆಗೆ ಸ್ಕೂಟರು ಹೇಗಿದೆ ಅಂತ ಕೇಳಿದನಂತೆ.

ಇವತ್ತಿನಿಂದ ಮಾತಾಡಬಹುದು. ಸದ್ಯಕ್ಕೆ ದಿನಕ್ಕೆ ಒಂದು ಸಲ, ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು, ಮೆಲ್ಲಗೆ.

ಮೊದಲ ಮಾತು ಏನಿರಬೇಕೆಂದು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಒಳ್ಳೆಯ ವಾಕ್ಯ. ಮೂರು ಕಡೆ ಶ್ಲೇಷೆಯಿತ್ತು.

ಸಂಜೆ ಇವಳು ಟೀ ಮಾಡಿ ತಂದು ಎದುರಿಗೆ ಕೂತಳು. ನಾನು ಬಾಯಿ ತೆರೆಯುವ ಮೊದಲು, ಸುಮ್ಮನೆ ಹೊತ್ತು ತುಂಬಿಸಲೆಂದೋ ಏನೋ, ಅವಳೇ ಕೌಂಟರಿನ ಒಂದು ವಿಷಯ ಎತ್ತಿದಳು. ಒಬ್ಬ ಮುದುಕಪ್ಪ ಬಂದು, ಬೀದಿದೀಪ ರಿಪೇರಿ ಮಾಡಿದ್ದರ ಮೇಲೆ ದೂರು ಬರೆದುಕೊಳ್ಳಿ ಅಂದನಂತೆ. ಕೆಟ್ಟಿದ್ದಾಗ ಚೆನ್ನಾಗಿ ನಿದ್ದೆ ಬರುತ್ತಿತ್ತಂತೆ, ಈಗ ಬೆಳಕು ನೇರ ಹಾಸಿಗೆಗೆ ಬೀಳುತ್ತದಂತೆ, ದಯವಿಟ್ಟು ಮತ್ತೆ ಕೆಡಿಸಿ ಕೊಡಿ ಅಂತ. ಇಡೀ ಕಚೇರಿ ನಕ್ಕಿತಂತೆ. ಅವನು ನಗಲಿಲ್ಲವಂತೆ. ಇವಳು ಕೆಲಸ ಮುಗಿಸಿ ಬರುವಾಗ ಒಂದು ನಿಲ್ದಾಣ ಮೊದಲೇ ಇಳಿದು, ಆ ಬೀದಿಗೆ ಹೋಗಿ, ಅವನ ಕಿಟಕಿಯ ಕೆಳಗೆ ನಿಂತು ನೋಡಿದಳಂತೆ.

ಅಲ್ಲಿಗೆ ಅವಳು ನಿಲ್ಲಿಸಿದಳು. ಲೋಟ ತಿರುಗಿಸುತ್ತಾ ನನ್ನ ಕಡೆ ನೋಡಿದಳು. ನಾನು ಯಾವಾಗಲೂ ನಡುವೆ ಬಾಯಿ ಹಾಕುವ ಜಾಗ ಅದು, ಅವಳಿಗೆ ರೂಢಿಯಾಗಿಬಿಟ್ಟಿದೆ. ನನ್ನ ಲೋಟದಲ್ಲಿ ಇನ್ನು ಒಂದು ಗುಟುಕಷ್ಟೇ ಉಳಿದಿತ್ತು. ಸಿದ್ಧ ಮಾಡಿಕೊಂಡಿದ್ದ ವಾಕ್ಯ ಎಲ್ಲಿ ಹೋಯಿತೋ.

"ಆಮೇಲೆ?" ಅಂದೆ.

ಯಾರದೋ ದನಿಯ ಹಾಗಿತ್ತು. ಅವಳು ಲೋಟ ಕೆಳಗಿಟ್ಟಳು, ಆಮೇಲೆ ಹೇಳತೊಡಗಿದಳು.